ಕ್ಯಾಚೆ ಅಂದ ಮೇಲೆ

ಮಲಪ್ರಭೆ ಹೊಳೆ ತಿರುಗುವ ಕಡೆ, ದಂಡೆಗೆ ಹತ್ತಿಕೊಂಡೇ ಒಂದು ಆಶ್ರಮವಿತ್ತು. ಅಲ್ಲಿನ ಗುರುಗಳಿಗೆ ಎಪ್ಪತ್ತು ದಾಟಿತ್ತು. ಹೆಸರು ಪ್ರಭುಲಿಂಗ. ಸುತ್ತಲಿನ ಊರವರಿಗೆಲ್ಲ ಅವರು ಬರೀ ಅಪ್ಪಾವರು.

ಮೊದಲು ಜೋಳ ತುಂಬಿಡುತ್ತಿದ್ದ ಕೋಣೆಯಲ್ಲಿ ಅಪ್ಪಾವರು ಕಂಪ್ಯೂಟರ್ ತರಗತಿ ತೆರೆಸಿದ್ದರು. ಒಂಬತ್ತು ಹಳೆಯ ಕಂಪ್ಯೂಟರು, ಹದಿನೆಂಟು ಮಂದಿ ಕಲಿಯುವವರು. ಶಾಲೆ ಅರ್ಧಕ್ಕೆ ಬಿಟ್ಟವರು, ಮಗ್ಗದಲ್ಲಿ ಕೂತು ಬದುಕಿದವರು, ಒಬ್ಬರು ಕೆಲಸದಿಂದ ನಿವೃತ್ತರಾದ ಪೋಸ್ಟ್‌ಮ್ಯಾನ್.

ಕಲಿಸುವವರು ಇಬ್ಬರು ಶಿಷ್ಯರು. ವಾರದಲ್ಲಿ ಮೂರು ದಿನ ಮೃತ್ಯುಂಜಯ, ಮೂರು ದಿನ ಮಡಿವಾಳಪ್ಪ.

ಮೃತ್ಯುಂಜಯನಿಗೆ ಇಪ್ಪತ್ತೆಂಟು. ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಮೂರು ವರ್ಷ ಪಾಠ ಹೇಳಿ, ಮನಸ್ಸು ನಿಲ್ಲದೆ ಅಪ್ಪಾವರ ಬಳಿ ಬಂದವನು. ತಿಳಿದದ್ದನ್ನು ಚೆನ್ನಾಗಿ ತಿಳಿದಿದ್ದ. ಮನಸ್ಸೂ ಒಳ್ಳೆಯದು. ಆದರೆ ಅವನ ಕಿವಿ ಮಾತ್ರ ಬಹಳ ಮಡಿ. ಯಾರಾದರೂ ಒಂದು ಪದವನ್ನು ಓರೆಯಾಗಿ ಉಚ್ಚರಿಸಿದರೆ ಅನ್ನದಲ್ಲಿ ಕಲ್ಲು ಸಿಕ್ಕವನ ಹಾಗೆ ಮುಖ ಮಾಡುತ್ತಿದ್ದ. ಕಲ್ಲನ್ನು ಅಲ್ಲೇ ಹೊರಗೆ ತೆಗೆದಿಡುವ ತನಕ ಅವನಿಗೆ ಮುಂದಿನ ತುತ್ತು ಇಳಿಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ಇಬ್ಬರೂ ಶಿಷ್ಯರು ಮುಖ ಕೆಂಪಗೆ ಮಾಡಿಕೊಂಡು ಗುರುಗಳ ಮುಂದೆ ನಿಂತರು. ಅಪ್ಪಾವರು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು.

“ಅಪ್ಪಾರ, ನೀವ ಹೇಳ್ರಿ,” ಎಂದ ಮೃತ್ಯುಂಜಯ. “ನಾ ಡೇಟಾ ಅಂತ ಕಲಿಸತೀನಿ. ಮರುದಿನ ಇಂವ ಬಂದು ಡಾಟಾ ಅಂತಾನ.”

“ನಾ ಪುಣೆಯೊಳಗ ಕಲಿತಾಗ ಎಲ್ಲಾರೂ ಡಾಟಾ ಅಂತಿದ್ರು,” ಎಂದ ಮಡಿವಾಳಪ್ಪ. “ಇಂವ ರೌಟರ್ ಅಂತಾನ, ನಾ ರೂಟರ್ ಅಂತೀನಿ. ನಾ ಅಂದದ್ದನ್ನ ಹಲಗಿ ಮ್ಯಾಲಿಂದ ಅಳಿಸಿ ತನ್ನದ ಬರೀತಾನ.”

“ಯಾವುದು ಖರೇ, ಅಪ್ಪಾರ?”

ಅಪ್ಪಾವರು ಒಂದು ಕಾಯಿ ಒಡೆದು ಕಾಳನ್ನು ಬಟ್ಟಲಿಗೆ ಹಾಕಿದರು.

“ಕಲಿಯೋರು ಹೆಂಗಂತಾರ?”

ಶಿಷ್ಯರು ಒಬ್ಬರನ್ನೊಬ್ಬರು ನೋಡಿಕೊಂಡರು.

“ನನ್ನ ದಿನ ಡೇಟಾ ಅಂತಾರ್ರಿ,” ಎಂದ ಮೃತ್ಯುಂಜಯ.

“ನನ್ನ ದಿನ ಡಾಟಾ,” ಎಂದ ಮಡಿವಾಳಪ್ಪ.

“ಐತವಾರ?”

“ಐತವಾರ ಕ್ಲಾಸ್ ಇರಂಗಿಲ್ಲಲ್ರಿ.”

“ಅವತ್ತು ಯಾರನ್ನರೆ ಒಬ್ಬರನ್ನ ಕೇಳ್ರಿ. ಏನಂತಾರ ಬಂದು ನನಗ ಹೇಳ್ರಿ.”

ಐತವಾರ ಮೃತ್ಯುಂಜಯ ಸಂತೆಯಲ್ಲಿ ಪೋಸ್ಟ್‌ಮ್ಯಾನ್ ಅವರನ್ನು ಕಂಡ. ಅವರು ಬದನೆಕಾಯಿ ಆರಿಸುತ್ತಿದ್ದರು. ಅವನು ಹತ್ತಿರ ಹೋಗಿ, “ಕಂಪ್ಯೂಟರಿನೊಳಗ ನಾವು ತುಂಬೋ ಮಾಹಿತಿ, ಅದಕ್ಕ ಏನಂತೀರಿ?” ಎಂದು ಕೇಳಿದ.

ಪೋಸ್ಟ್‌ಮ್ಯಾನ್ ಎಡಕ್ಕೊಮ್ಮೆ ನೋಡಿದರು, ಬಲಕ್ಕೊಮ್ಮೆ ನೋಡಿದರು. ಮಡಿವಾಳಪ್ಪ ಎಲ್ಲೂ ಕಾಣಲಿಲ್ಲ. ಆದರೂ ಅವರಿಗೆ ಧೈರ್ಯ ಬರಲಿಲ್ಲ.

“ಅದರ ಹೆಸರು ಹಿಡಿಯೂದ ಬಿಟ್ಟೀವ್ರಿ ಸರ್,” ಎಂದರು. “ನಮ್ಮ ನಮ್ಮೊಳಗ ‘ಅದು’ ಅಂತೀವಿ.”

ಮೃತ್ಯುಂಜಯನಿಗೆ ನಗು ತಡೆಯಲಾಗಲಿಲ್ಲ. ಆಶ್ರಮಕ್ಕೆ ಬಂದು ಅಪ್ಪಾವರಿಗೂ ಅದನ್ನೇ ನಗುತ್ತ ಹೇಳಿದ.

ಅಪ್ಪಾವರು ನಗಲಿಲ್ಲ.

ಆಮೇಲೆ ಕೆಲವು ದಿನಕ್ಕೆ ಇದು ನಡೆಯಿತು.

ತರಗತಿಯಲ್ಲಿ ನೀಲವ್ವ ಎಂಬ ಹೆಂಗಸಿದ್ದಳು. ಹೊಳೆಯಾಚೆ ಊರಿನವಳು, ಕುಪ್ಪಸದ ಖಣ ನೇಯುವವಳು. ವಯಸ್ಸು ನಲವತ್ತರ ಹತ್ತಿರ. ಏಳನೇ ಇಯತ್ತೆಗೆ ಶಾಲೆ ಬಿಟ್ಟಿದ್ದಳು. ದಿನಾ ಬೆಳಿಗ್ಗೆ ಹೊಳೆ ದಾಟಿ ಬಂದು ಹಿಂದಿನ ಸಾಲಿನಲ್ಲಿ ಕೂಡುತ್ತಿದ್ದಳು. ಬಂದ ದಿನದಿಂದ ಒಮ್ಮೆಯೂ ಎದ್ದು ಮಾತಾಡಿದವಳಲ್ಲ.

ಆ ದಿನ ಮೃತ್ಯುಂಜಯ ಹಲಗೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಪದ ಬರೆದ. ಐದೇ ಅಕ್ಷರ. ಅದನ್ನು ಬಾಯಿಬಿಟ್ಟು ಹೇಳದೆ, “ಇದು ಏನು, ಯಾರಿಗರೆ ಗೊತ್ತೈತೇನು?” ಎಂದು ಕೇಳಿದ.

ಯಾರೂ ಏಳಲಿಲ್ಲ. ಅವನು ತಾನೇ ಹೇಳಬೇಕೆನ್ನುವಷ್ಟರಲ್ಲಿ ಹಿಂದಿನಿಂದ ಬಳೆಯ ಸದ್ದಾಯಿತು. ನೀಲವ್ವ ಎದ್ದು ನಿಂತಿದ್ದಳು. ಸೆರಗು ಸರಿಮಾಡಿಕೊಂಡಳು.

“ನನಗ ಗೊತ್ತೈತ್ರಿ ಸರ್. ಅದು ಕ್ಯಾಚೆ ರಿ. ಕ್ಯಾಚೆ ಅಂದ್ರ...”

ಮೃತ್ಯುಂಜಯನ ಕೈ ತಾನಾಗಿಯೇ ಮೇಲೆದ್ದಿತು.

“ನಿಲ್ರಿ, ನಿಲ್ರಿ. ಕ್ಯಾಚೆ ಅಲ್ರಿ ನೀಲವ್ವಾರ. ಕ್ಯಾಶ್.”

ಯಾರೋ ಕಿಸಕ್ಕೆಂದರು. ಒಬ್ಬರ ನಗು ಇನ್ನೊಬ್ಬರಿಗೆ ಹತ್ತಿತು. ಮೃತ್ಯುಂಜಯನಿಗೂ ನಗು ಬಂತು. ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ.

“ಮೂರು ಸಲ ಅನ್ರಿ, ನೆನಪುಳಿತೈತಿ. ಕ್ಯಾಶ್.”

ನೀಲವ್ವ ಮೂರು ಸಲ ಅಂದಳು. ಕ್ಯಾಶ್, ಕ್ಯಾಶ್, ಕ್ಯಾಶ್. ಅಂದು ಕೂತಳು.

“ಪದೇ ಪದೇ ಬೇಕಾಗೋ ಮಾಹಿತಿನ ಕೈಗೆ ಸಿಗೋಹಂಗ ಹತ್ತಿರ ಇಟ್ಕೊಳ್ಳೋ ಜಾಗಕ್ಕ ಕ್ಯಾಶ್ ಅಂತಾರ,” ಎಂದು ಮೃತ್ಯುಂಜಯ ಪಾಠ ಮುಂದುವರಿಸಿದ. ಎಲ್ಲರೂ ಬರೆದುಕೊಂಡರು. ಅಂದಿನ ಪಾಠ ಬೇಗ ಮುಗಿಯಿತು.

ಹದಿನೈದು ದಿನ ಕಳೆದವು.

ಅಪ್ಪಾವರು ತರಗತಿಯ ಕಿಟಕಿಯ ಹೊರಗೆ ಬೇವಿನ ನೆರಳಿನಲ್ಲಿ ಕೂಡುವುದನ್ನು ರೂಢಿ ಮಾಡಿಕೊಂಡಿದ್ದರು. ಒಂದು ದಿನ ಪಾಠ ಮುಗಿಸಿ ಹೊರಬಂದ ಮೃತ್ಯುಂಜಯನನ್ನು ಕರೆದರು.

“ಇವತ್ತ ಯಾರು ಏನು ಕೇಳಿದ್ರು?”

“ಯಾರೂ ಏನೂ ಕೇಳಲಿಲ್ಲ್ರಿ. ಎಲ್ಲಾರಿಗೂ ತಿಳದೈತಿ.”

“ನಿನ್ನ ಹಿಂದಿನ ಪಾಠದಾಗ?”

“ಅವತ್ತೂ ಇಲ್ರಿ.”

“ಅದಕ್ಕೂ ಹಿಂದ?”

ಮೃತ್ಯುಂಜಯ ನೆನಪು ಮಾಡಿಕೊಂಡ. ಆಗಲೂ ಇಲ್ಲ. ಅದರ ಹಿಂದಿನ ಪಾಠದಲ್ಲೂ ಇಲ್ಲ.

“ನಾ ಇಲ್ಲಿ ಕೂತು ಕೇಳತಿರತೀನಿ,” ಎಂದರು ಅಪ್ಪಾವರು. “ಒಳಗ ಹದಿನೆಂಟು ಮಂದಿ ಅದಾರ ಅಂತಾರ. ನನಗ ಒಂದ ದನಿ ಕೇಳತೈತಿ.”

“ಈಗ ಹದಿನೇಳ್ರಿ. ನೀಲವ್ವ ಬರಾಕತ್ತಿಲ್ಲ.”

“ಯಾವಾಗಿಂದ?”

“ಎಂಟು ದಿನ ಆಗಿರಬೇಕು. ಮಗ್ಗದ ಕೆಲಸ ಹೆಚ್ಚಾಗಿರತೈತಿ ಬಿಡ್ರಿ.”

“ಕಡೀಗೆ ಆಕಿ ಏನಂದಿದ್ದಳು?”

ಮೃತ್ಯುಂಜಯ ನಡೆದದ್ದನ್ನು ಹೇಳಿದ. ಹೇಳುವಾಗ ಅವನಿಗೆ ಮತ್ತೆ ಸ್ವಲ್ಪ ನಗು ಬಂತು. ಕ್ಯಾಚೆ ಅಂದಳು, ತಾನು ತಿದ್ದಿದೆ, ಮೂರು ಸಲ ಹೇಳಿಸಿದೆ.

“ಕ್ಯಾಚೆ ಅಂದ್ರ, ಅಂತ ಅಂದಳು,” ಎಂದರು ಅಪ್ಪಾವರು. “ಅಂದ್ರ, ಆಮೇಲೆ?”

“ಆಮೇಲೆ ಏನೂ ಅನ್ನಲಿಲ್ಲ್ರಿ.”

“ಏನು ಅನ್ನವಳಿದ್ದಳು?”

 

“ಗೊತ್ತಿಲ್ರಿ, ಅಪ್ಪಾರ.”

“ಹೋಗು. ಆ ಮಾತಿನ ಉಳಿದ ಅರ್ಧ ತಗೊಂಡು ಬಾ.”

ಮೃತ್ಯುಂಜಯ ಮರುದಿನ ಹೊಳೆ ದಾಟಿದ. ಬೇಸಗೆ, ನೀರು ಮೊಣಕಾಲು ಮುಟ್ಟುತ್ತಿರಲಿಲ್ಲ. ಒಂದು ಮಾತು ತರಲು ಇಷ್ಟು ದೂರವೇ ಎಂದು ದಾರಿಯುದ್ದಕ್ಕೂ ಅನ್ನಿಸಿತು.

ನೀಲವ್ವ ಕುಣಿಮಗ್ಗದಲ್ಲಿ ಕೂತಿದ್ದಳು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಸೊಂಟದ ಮಟ್ಟಕ್ಕೆ ಹಾಸಿದ ನೂಲಿನ ಮೇಲೆ ಬಾಗಿದ್ದಳು. ಮೇಷ್ಟ್ರು ಬಂದರೆಂದು ಏಳಲು ಹೋದಳು.

“ಬ್ಯಾಡ, ಕೂಡ್ರಿ,” ಎಂದ ಮೃತ್ಯುಂಜಯ. “ಒಂದ ಮಾತು ಕೇಳಿ ಹೋಗತೀನಿ. ಅವತ್ತು ಕ್ಯಾಶ್ ಅಂದ್ರ ಏನಂತ ಹೇಳಾಕ ಹತ್ತಿದ್ರಿ. ಏನದು?”

ನೀಲವ್ವ ನೂಲನ್ನು ನೋಡುತ್ತ ಕೂತಳು.

“ಮರತೇನ್ರಿ ಸರ್.”

“ಚೂರೂ ನೆನಪಿಲ್ಲೇನ್ರಿ?”

“ನೀವು ಹೇಳಿದ್ದನ್ನ ಬರಕೊಂಡೇನ್ರಿ. ಅದ ಚಲೋ ಐತಿ.”

ಮೃತ್ಯುಂಜಯ ಹಿಂದಿರುಗಿದ. “ಮರತಾಳಂತ್ರಿ,” ಎಂದು ಅಪ್ಪಾವರಿಗೆ ಹೇಳಿದ.

“ಹಂಗೇನು,” ಎಂದರು ಅಪ್ಪಾವರು. “ನಾಳೆ ಹೋಗು.”

ಮರುದಿನವೂ ಹೋದ. ನೀಲವ್ವ ನೀರು ತರಲು ಹೋಗಿದ್ದಳು. ಅವಳ ಅತ್ತೆ ಅವನನ್ನು ಕೂರಿಸಿ, ಒಂದು ತಂಬಿಗೆ ಮಜ್ಜಿಗೆ ಕೊಟ್ಟಳು.

“ಭಾಳ ಆಸೆಯಿಂದ ಬರತಿದ್ದಳಪ್ಪ ನಿಮ್ಮ ಸಾಲಿಗೆ,” ಎಂದಳು ಮುದುಕಿ. “ಆ ಪುಸ್ತಕ ಹಿಡಕೊಂಡು ನಾಲ್ಕು ವರ್ಷ ಕೂತಾಳ. ಮಗ್ಗದ ಬದಿಗೇ ಇಟ್ಕೊಂಡು ಒಂದ ಕಣ್ಣು ಅದರಾಗ, ಒಂದ ಕಣ್ಣು ನೂಲಿನ್ಯಾಗ. ಈಗ ಏನಾತೋ, ರಬ್ಬರ್ ಹಿಡದು ತಿಕ್ಕಿದ್ದೇ ತಿಕ್ಕಿದ್ದು.”

ಮಗ್ಗದ ಬದಿಗೆ ಒಂದು ದಪ್ಪ ಪುಸ್ತಕವಿತ್ತು. ಕಂಪ್ಯೂಟರ್ ವಿಷಯದ್ದು, ಇಂಗ್ಲಿಷಿನದು. ಮುಖಪುಟ ಇರಲಿಲ್ಲ. ಮೊದಲ ನಲವತ್ತು ಪುಟಗಳೂ ಇರಲಿಲ್ಲ.

ಮೃತ್ಯುಂಜಯ ತೆರೆದು ನೋಡಿದ. ಪ್ರತಿ ಸಾಲಿನ ಮೇಲೂ ಪೆನ್ಸಿಲ್ಲಿನ ಗುರುತು. ಏನೋ ಬರೆದು ಅಳಿಸಿದ ಗುರುತು. ರಬ್ಬರ್ ತಿಕ್ಕಿ ತಿಕ್ಕಿ ಕಾಗದ ನವಿರೆದ್ದಿತ್ತು, ಕೆಲವು ಕಡೆ ಹರಿದಿತ್ತು. ಪುಟ ತಿರುವಿದ. ಅಲ್ಲೂ ಹಾಗೆಯೇ. ನೂರು ಪುಟ ತಿರುವಿದರೂ ಹಾಗೆಯೇ.

ಒಂದೇ ಒಂದು ಕಡೆ ಅಕ್ಷರ ಉಳಿದಿತ್ತು. ಒಂದು ಇಂಗ್ಲಿಷ್ ಪದದ ಮೇಲೆ, ಕನ್ನಡದಲ್ಲಿ, ಒತ್ತಿ ಬರೆದದ್ದು: ಕ್ಯಾಶ್.

ನೀಲವ್ವ ಕೊಡ ಇಳಿಸಿ ಒಳಗೆ ಬಂದಳು. ಅವನ ಕೈಯಲ್ಲಿ ಪುಸ್ತಕ ಕಂಡು ಬಾಗಿಲಲ್ಲೇ ನಿಂತಳು.

“ಇದೇನ್ರಿ ನೀಲವ್ವಾರ?”

“ಏನಿಲ್ರಿ. ಕಿರಾಣಿ ಅಂಗಡ್ಯಾಂವ ಹರದು ಹರದು ಮೆಣಸಿನಕಾಯಿ ಕಟ್ಟಿ ಕೊಡಾಕತ್ತಿದ್ದ. ಉಳದದ್ದರೆ ಕೊಡಪ್ಪ ಅಂತ ಕೇಳಿ ತಂದೆ.”

“ಮ್ಯಾಲೆ ಬರದದ್ದು?”

“ನನಗ ಇಂಗ್ಲಿಷ್ ಅಕ್ಷರ ಬರತಿದ್ದವ್ರಿ, ಮಾತು ಬರತಿರಲಿಲ್ಲ. ಒಂದೊಂದ ಅಕ್ಷರ ಕೂಡಿಸಿ ಹೆಂಗ ಓದಬೇಕು ಅನಸತಿತ್ತೋ ಹಂಗ ಮ್ಯಾಲೆ ಕನ್ನಡದಾಗ ಬರಕೊಂಡಿದ್ದೆ. ಅರ್ಥಕ್ಕ ಡಿಕ್ಷನರಿ ಇತ್ತು. ಆದರ ಅದರಾಗ ದನಿ ಇರಲಿಲ್ಲ.”

“ಎಲ್ಲಾ ಯಾಕ ಅಳಿಸಿದ್ರಿ?”

ನೀಲವ್ವ ಸೆರಗಿನಿಂದ ಕೈ ಒರೆಸಿಕೊಂಡಳು.

“ಮೊದಲ ಅದೊಂದ ಅಳಿಸಿದೆ. ನೀವು ಹೇಳಿದ್ದು ಬರದೆ. ಆಮ್ಯಾಲೆ ಉಳಿದದ್ದರಾಗ ಯಾವುದು ಸರಿ, ಯಾವುದು ತಪ್ಪು ಅಂತ ನೋಡಿದೆ. ಗೊತ್ತಾಗಲಿಲ್ಲ್ರಿ. ಯಾವುದರ ಮ್ಯಾಲೂ ನಂಬಿಕಿ ಉಳೀಲಿಲ್ಲ. ಅದಕ್ಕ ಎಲ್ಲಾ ಅಳಿಸಿಬಿಟ್ಟೆ.”

ಮೃತ್ಯುಂಜಯ ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ.

ತಾನು ಕಲಿತ ಬಗೆ ಅವನಿಗೆ ನೆನಪಾಯಿತು. ಓದುವ ಮೊದಲೇ ಪ್ರತಿ ಪದವನ್ನೂ ಯಾರೋ ಹೇಳಿ ಕೇಳಿಸಿದ್ದರು. ಅಣ್ಣ ಹೇಳಿದ್ದ, ಮೇಷ್ಟ್ರು ಹೇಳಿದ್ದರು, ಜೊತೆಯವರು ಹೇಳಿದ್ದರು. ಯಾರ ದನಿಯೂ ಇಲ್ಲದೆ ಅವನು ಒಂದು ಪುಟವನ್ನೂ ಓದಿದವನಲ್ಲ. ಈ ಹೆಂಗಸು ನಾನೂರು ಪುಟ ಓದಿದ್ದಳು.

“ಪೆನ್ಸಿಲ್ ಐತೇನ್ರಿ?” ಎಂದು ಕೇಳಿದ.

ನೀಲವ್ವ ತಂದುಕೊಟ್ಟಳು.

ಅವನು ಪುಸ್ತಕದಲ್ಲಿ ಉಳಿದಿದ್ದ ಮೊದಲ ಪುಟ ತೆರೆದ. “ನೀವು ಓದ್ರಿ. ನಾ ಬರೀತೀನಿ.”

“ತಪ್ಪು ಓದತೀನ್ರಿ ಸರ್.”

“ಮೊದಲ ಹೆಂಗ ಓದಿದ್ರೋ ಹಂಗ ಓದ್ರಿ.”

ನೀಲವ್ವ ಓದತೊಡಗಿದಳು. ಮೊದಲು ದನಿ ಎದ್ದೇ ಬರಲಿಲ್ಲ. ಒಂದು ಪದ ಓದಿ ಅವನ ಮುಖ ನೋಡುತ್ತಿದ್ದಳು. ಅವನು ತಲೆ ಎತ್ತದೆ ಬರೆಯುತ್ತಿದ್ದ. ಆರ್ಕೈವ್ ಎನ್ನಬೇಕಾದ ಕಡೆ ಅವಳು ಆರ್ಚಿವ್ ಎಂದಳು. ಅವನ ಪೆನ್ಸಿಲ್ ಒಂದು ಗಳಿಗೆ ನಿಂತಿತು. ಆಮೇಲೆ ಆರ್ಚಿವ್ ಎಂದೇ ಬರೆಯಿತು. ಕ್ಯೂ ಎನ್ನಬೇಕಾದ ಕಡೆ ಅವಳು ಕ್ವೆವೆ ಎಂದಳು. ಕ್ವೆವೆ ಎಂದೇ ಬರೆದ.

ಅಂದು ಆರು ಪುಟ ಆಯಿತು. ಆಶ್ರಮಕ್ಕೆ ಬಂದಾಗ ಅಪ್ಪಾವರು, “ಸಿಕ್ಕಿತೇನು?” ಎಂದು ಕೇಳಿದರು.

“ಇನ್ನೂ ಇಲ್ರಿ.”

“ನಾಳೆ?”

“ಹೋಗತೀನ್ರಿ,” ಎಂದ ಮೃತ್ಯುಂಜಯ. ಈ ಸಲ ಯಾರೂ ಕಳಿಸಬೇಕಾಗಲಿಲ್ಲ.

ಹೀಗೆ ಹನ್ನೊಂದು ದಿನ ಅವನು ಹೊಳೆ ದಾಟಿದ. ಅವಳು ನೇಯುತ್ತ ನೇಯುತ್ತ ಓದುತ್ತಿದ್ದಳು, ಅವನು ಪುಸ್ತಕವನ್ನು ಅವಳಿಗೆ ಕಾಣುವಂತೆ ಹಿಡಿದು ಬರೆಯುತ್ತಿದ್ದ. ಅತ್ತೆ ಬಾಗಿಲಲ್ಲಿ ಕೂತು ಕೇಳುತ್ತಿದ್ದಳು. ನಾಲ್ಕನೇ ದಿನಕ್ಕೆ ನೀಲವ್ವ ಅವನ ಮುಖ ನೋಡುವುದನ್ನು ಬಿಟ್ಟಿದ್ದಳು. ಓದುವ ನಡುವೆ ನಿಲ್ಲಿಸಿ ತನಗೆ ತಿಳಿದದ್ದನ್ನು ಹೇಳುತ್ತಿದ್ದಳು, ತಿಳಿಯದ್ದನ್ನು ಕೇಳುತ್ತಿದ್ದಳು. ಅವಳು ಕೇಳಿದ ಎರಡು ಪ್ರಶ್ನೆಗಳಿಗೆ ಉತ್ತರ ಮೃತ್ಯುಂಜಯನಿಗೂ ಗೊತ್ತಿರಲಿಲ್ಲ. ಹುಡುಕಿಕೊಂಡು ಬಂದು ಹೇಳಿದ.

ಹನ್ನೊಂದನೇ ದಿನ ಆ ಪುಟ ಬಂತು.

ನೀಲವ್ವ ಓದುತ್ತ ಬಂದವಳು ಅಲ್ಲಿ ತಡೆದಳು. “ಕ್ಯಾಶ್,” ಎಂದಳು.

“ಅಲ್ರಿ. ಮೊದಲ ಹೆಂಗ ಓದಿದ್ರಿ?”

“ಅದು ತಪ್ಪಲ್ರಿ ಸರ್.”

“ಹೆಂಗ ಓದಿದ್ರಿ?”

“ಕ್ಯಾಚೆ.”

ಮೃತ್ಯುಂಜಯ ಕ್ಯಾಚೆ ಎಂದು ಬರೆದ. ಪೆನ್ಸಿಲ್ ಕೆಳಗಿಟ್ಟ.

“ಕ್ಯಾಚೆ ಅಂದ್ರ?”

ನೀಲವ್ವನ ಕೈ ಅಡ್ಡನೂಲು ಒಯ್ಯುವ ಲಾಳಿಯ ಮೇಲೆ ನಿಂತಿತು. ಅವಳು ಮಡಿಲನ್ನು ತೋರಿಸಿದಳು. ಮಡಿಲಲ್ಲಿ ನೂಲು ಸುತ್ತಿದ ಸಣ್ಣ ಸಣ್ಣ ಕಂಡಿಕೆಗಳಿದ್ದವು. ಲಾಳಿಯೊಳಗೆ ಹಾಕಿ ನೇಯುವ ಕಂಡಿಕೆಗಳು. ನಾಲ್ಕು ಕೆಂಪು, ಎರಡು ಹಸಿರು, ಒಂದು ಹಳದಿ.

“ಇದ್ರಿ,” ಎಂದಳು. “ಎಲ್ಲಾ ಬಣ್ಣದ ಕಂಡಿಕಿ ಆ ಗೋಡಿ ಬದಿಯ ಬುಟ್ಟಿಯಾಗ ಇರತಾವು. ಒಂದೊಂದಕ್ಕ ಕುಣಿಯಿಂದ ಎದ್ದು ಹೋದ್ರ ಸಂಜೀಮಟ ಒಂದ ಗೇಣೂ ನೇಯಾಕ ಆಗಂಗಿಲ್ಲ. ಅದಕ್ಕ ಈಗ ಬೇಕಾಗೋವನ್ನ ಮಡಿಲಾಗ ಇಟ್ಕೋತೀನಿ.”

“ಹೂಂ.”

“ಆದರ ಮಡಿಲು ಸಣ್ಣದ್ರಿ. ಎಲ್ಲಾ ಹಿಡಿಯಂಗಿಲ್ಲ. ಮುಂದ ಯಾವ ಬಣ್ಣ ಬರತೈತಿ ಅಂತ ಮೊದಲ ತಿಳಕೊಂಡು ಇಟ್ಕೋಬೇಕು. ಅಂದಾಜು ತಪ್ಪಿತೋ, ಏಳಬೇಕು. ಹೊಸಾದು ತಂದಾಗ ಭಾಳ ಹೊತ್ತಿನಿಂದ ಮುಟ್ಟದ್ದನ್ನ ಬುಟ್ಟಿಗೆ ಹಾಕಿ ಬರಬೇಕು. ಕಂಪ್ಯೂಟರ್ ಹಂಗ ಮಾಡತೈತಿ ಅಂತ ಈ ಪುಸ್ತಕದಾಗ ಓದಿದಾಗ, ಅಯ್ಯ, ಇದು ನಮ್ಮಂಗ ಐತಲ್ಲ ಅನಿಸ್ತ್ರಿ. ಅವತ್ತು ಇಷ್ಟ ಹೇಳಬೇಕು ಅಂತ ಎದ್ದು ನಿಂತಿದ್ದೆ.”

ಮೃತ್ಯುಂಜಯ ಕಾಲೇಜಿನಲ್ಲಿ ಮೂರು ವರ್ಷ ಇದೇ ಪಾಠ ಹೇಳಿದ್ದ. ಚಿತ್ರ ಬರೆದು, ಬಾಣ ಹಾಕಿ, ಅಂಕಿ ತುಂಬಿ ಹೇಳಿದ್ದ. ಹಿಂದಿನ ಬೆಂಚಿನವರಿಗೆ ಅದು ಒಮ್ಮೆಯೂ ತಲುಪಿರಲಿಲ್ಲ.

ಅವನು ಎದ್ದು ನಿಂತು ಅವಳಿಗೆ ಕೈಮುಗಿದ. ನೀಲವ್ವ ಗಾಬರಿಯಾಗಿ ಕುಣಿಯಿಂದ ಎದ್ದಳು. ಮಡಿಲಿನ ಕಂಡಿಕೆಗಳೆಲ್ಲ ನೆಲದ ಮೇಲೆ ಉರುಳಿದವು. ಇಬ್ಬರೂ ಸೇರಿ ಆರಿಸಿದರು.

ಆಶ್ರಮಕ್ಕೆ ಮರಳಿದ ಮೃತ್ಯುಂಜಯ ಅಪ್ಪಾವರ ಎದುರಿಗೆ ಕೂತು, ಒಂದು ಅಕ್ಷರ ಬಿಡದೆ ಅವಳ ಮಾತನ್ನು ಒಪ್ಪಿಸಿದ.

ಅಪ್ಪಾವರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ, “ಇನ್ನೊಮ್ಮೆ ಹೇಳು,” ಎಂದರು. ಅವನು ಇನ್ನೊಮ್ಮೆ ಹೇಳಿದ.

“ಈಗ ನನಗೂ ತಿಳೀತು,” ಎಂದರು ಅಪ್ಪಾವರು. “ಆ ಪಾಠ ಇನ್ನೊಮ್ಮೆ ಆಗಲಿ. ಯಾರು ಮಾಡಬೇಕು?”

“ನೀಲವ್ವಾರು, ಅಪ್ಪಾರ.”

ನೀಲವ್ವ ಬಂದಳು. ಕಂಡಿಕೆಗಳನ್ನು ಮಡಿಲಲ್ಲಿ ಕಟ್ಟಿಕೊಂಡೇ ಬಂದಳು. ಹಲಗೆಯ ಮುಂದೆ ನಿಂತು ಅರ್ಧ ಗಂಟೆ ಪಾಠ ಹೇಳಿದಳು. ಕ್ಯಾಚೆ ಅಂದಳು, ನಡುವೆ ಕ್ಯಾಶ್ ಅಂದಳು, ಯಾರೂ ನಗಲಿಲ್ಲ. ಮೃತ್ಯುಂಜಯ, ಮಡಿವಾಳಪ್ಪ ಇಬ್ಬರೂ ಹಿಂದಿನ ಸಾಲಿನಲ್ಲಿ ಕೂತಿದ್ದರು. ಪೋಸ್ಟ್‌ಮ್ಯಾನ್ ಕೈ ಎತ್ತಿ, “ಎರಡು ಮಡಿಲು ಇಟ್ಕೊಂಡ್ರ ನಡಿಯಂಗಿಲ್ಲೇನವಾ?” ಎಂದು ಕೇಳಿದರು. ಅಲ್ಲಿಂದ ಪ್ರಶ್ನೆಗಳು ಶುರುವಾದವು. ಊಟದ ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಕಿಟಕಿಯ ಹೊರಗೆ ಅಪ್ಪಾವರು ಶೇಂಗಾ ಸುಲಿಯುವುದನ್ನು ಮರೆತು ಕೂತಿದ್ದರು.

ಆ ದಿನದಿಂದ ಮೃತ್ಯುಂಜಯ ಯಾರ ಉಚ್ಚಾರವನ್ನೂ ತಿದ್ದಲಿಲ್ಲ. ಡೇಟಾ ಅಂದರೂ ಸರಿ, ಡಾಟಾ ಅಂದರೂ ಸರಿ, ದಾತ ಅಂದರೂ ಸರಿ. ಮಡಿವಾಳಪ್ಪನ ಜೊತೆಗಿನ ಜಗಳವೂ ನಿಂತಿತು. ಕಲ್ಲು ಸಿಕ್ಕರೆ ಸದ್ದಿಲ್ಲದೆ ನುಂಗುವುದನ್ನು ಅವನು ಕಲಿತಿದ್ದ. ಹಾಗೆ ಕಲಿತದ್ದರ ಬಗ್ಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

ನಾಲ್ಕು ತಿಂಗಳಾದವು. ನೀಲವ್ವ ಕಂಪ್ಯೂಟರಿನಲ್ಲಿ ಖಣದ ನಮೂನೆಗಳನ್ನು ಬಿಡಿಸತೊಡಗಿದ್ದಳು. ಪಟ್ಟಣದ ನೇಕಾರರ ಸಂಘವೊಂದರಲ್ಲಿ ನಮೂನೆ ಬಿಡಿಸುವವರು ಬೇಕೆಂದು ಸುದ್ದಿ ಬಂತು. ಒಂದು ಸೋಮವಾರ ಅವಳು ಹೊಸ ಸೀರೆಯುಟ್ಟು ಬಸ್ಸು ಹತ್ತಿದಳು.

ಮರುದಿನ ಬೆಳಿಗ್ಗೆ ತರಗತಿಗೆ ಎಲ್ಲರಿಗಿಂತ ಮೊದಲು ಬಂದಳು. ಮೃತ್ಯುಂಜಯ ಒಬ್ಬನೇ ಇದ್ದ.

“ಏನಾತ್ರಿ ನೀಲವ್ವಾರ?”

“ಕೆಲಸ ಕೊಟ್ಟಾರ್ರಿ. ನಮೂನಿ ಮನಸಿಗೆ ಬಂದಾವು.”

“ಚಲೋ ಆತಲ್ರಿ.”

“ಚಲೋ ಆತು.” ನೀಲವ್ವ ಕೂಡಲಿಲ್ಲ. “ಹಳೇ ನಮೂನಿ ಎಲ್ಲಾ ಆರ್ಚಿವ್‌ನ್ಯಾಗ ಇಡತೀನ್ರಿ ಅಂದೆ. ಅಲ್ಲೊಬ್ಬ ಹುಡುಗ ಅದಾನ, ನನ್ನ ಬದಿಯ ಕುರ್ಚಿ ಅವಂದ. ಬಾಯಿ ಮುಚ್ಚಿಕೊಂಡು ನಕ್ಕ. ಆಮ್ಯಾಲೆ ನಾ ಏನು ಕೇಳಿದ್ರೂ ಅವನ ಮುಖದಾಗ ಆ ನಗು ಹಂಗ ಇತ್ತು.”

ಮೃತ್ಯುಂಜಯ ಕೈಯಲ್ಲಿದ್ದ ಸೀಮೆಸುಣ್ಣವನ್ನು ಕೆಳಗಿಟ್ಟ.

“ಅದಕ್ಕ ಬ್ಯಾರೆ ಏನೋ ಅಂತಾರಂತ. ಆರ್ಕೈವ್. ಹೌದೇನ್ರಿ?”

“ಹೌದ್ರಿ.”

“ನಿಮಗ ಗೊತ್ತಿತ್ತೇನ್ರಿ?”

“ಗೊತ್ತಿತ್ತು.”

“ಮತ್ತ ಯಾಕ ಹೇಳಲಿಲ್ಲ?”

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

“ನಿಮಗ ನೋವಾಗತೈತಿ ಅಂತ.”

“ಅಲ್ಲಿ ಆತಲ್ರಿ,” ಎಂದಳು ನೀಲವ್ವ. “ಗುರುತಿಲ್ಲದ ಹುಡುಗ ನಕ್ಕ, ತಡಕೊಂಡೆ. ನೀವು ಗೊತ್ತಿದ್ದೂ ಸುಮ್ಮನಿದ್ರಿ, ಅದು ತಡಿಯಂಗಿಲ್ಲ್ರಿ ಸರ್. ನಾ ಕಲಿಯಾಕ ಬಂದಾಕಿ. ನನ್ನನ್ನ ಸಂಬಾಳಿಸಾಕ ನಾ ಯಾರಿಗೂ ಹೇಳಿಲ್ಲ.”

ಅಷ್ಟು ಹೇಳಿ ತನ್ನ ಜಾಗದಲ್ಲಿ ಕೂತು ಕಂಪ್ಯೂಟರ್ ಹಚ್ಚಿದಳು. ಉಳಿದವರು ಒಬ್ಬೊಬ್ಬರಾಗಿ ಬಂದರು. ಅಂದು ಮೃತ್ಯುಂಜಯನಿಗೆ ಪಾಠ ಸರಿಯಾಗಿ ಹೇಳಲಾಗಲಿಲ್ಲ.

ಸಂಜೆ ಅಪ್ಪಾವರು ಹೊಳೆಯ ಮೆಟ್ಟಿಲ ಮೇಲೆ ನೀರಿನಲ್ಲಿ ಕಾಲಿಟ್ಟು ಕೂತಿದ್ದರು. ಮೃತ್ಯುಂಜಯ ಬಂದು ಒಂದು ಮೆಟ್ಟಿಲು ಕೆಳಗೆ ಕೂತ. ನಡೆದದ್ದನ್ನೆಲ್ಲ ಹೇಳಿದ.

“ತಿದ್ದಿದೆ, ಆಕಿ ಬಾಯಿ ಕಟ್ಟಿತು,” ಎಂದ. “ತಿದ್ದೂದ ಬಿಟ್ಟೆ, ನಾಲ್ಕು ಮಂದಿಯೊಳಗ ಆಕಿಗೆ ಅವಮಾನ ಆತು. ಬರೂ ಸೋಮವಾರದಿಂದ ದಿನಾ ಆ ಹುಡುಗನ ಬದಿಗೆ ಕೂತು ಕೆಲಸ ಮಾಡಬೇಕು. ಐದು ದಿನ ಉಳದಾವು. ನಾ ಏನ್ ಮಾಡಲಿ, ಅಪ್ಪಾರ?”

“ತಿದ್ದು.”

“ಮತ್ತ ಆಕಿಗೆ ನೋವಾದ್ರ?”

ಅಪ್ಪಾವರ ಕಾಲ ಬಳಿ ಸಣ್ಣ ಮೀನುಗಳು ಬಂದು ಹೋದವು.

“ಸಣ್ಣಾಂವ ಇದ್ದಾಗ ನೀನೂ ತೊದಲಿರಬೇಕಲ್ಲ?”

“ತೊದಲಿರತೀನ್ರಿ. ಎಲ್ಲಾ ಕೂಸುಗೋಳೂ ತೊದಲತಾವು.”

“ಯಾರು ತಿದ್ದಿದ್ರು?”

“ನಮ್ಮವ್ವ.”

“ಎಷ್ಟು ಸಲ ತಿದ್ದಿರಬೇಕು?”

“ಲೆಕ್ಕ ಎಲ್ಲಿಂದ ಬರಬೇಕ್ರಿ. ಸಾವಿರಾರು ಸಲ ಇರತೈತಿ.”

“ಅದರಾಗ ಒಂದರೆ ನೆನಪೈತೇನು ನಿನಗ?”

ಮೃತ್ಯುಂಜಯನಿಗೆ ಅವ್ವನ ಮುಖ ನೆನಪಾಯಿತು. ಅವಳ ಮಡಿಲ ಬಿಸುಪು ನೆನಪಾಯಿತು. ಅವಳು ಅವನ ಮಾತನ್ನು ತಿದ್ದಿದ ಒಂದು ಗಳಿಗೆಯೂ, ಎಷ್ಟು ಹುಡುಕಿದರೂ, ಸಿಗಲಿಲ್ಲ.

“ಒಂದೂ ನೆನಪಿಲ್ಲ್ರಿ, ಅಪ್ಪಾರ.”

“ಹಂಗ ತಿದ್ದು.”